ಎಂಟು ದೀಪ ಹತ್ತಿದ ಮೇಲೂ

ತಮ್ಮಾ, ಕ್ರಿಂಪಿಂಗ್ ಟೂಲು ಕೊಂಡಿದ್ದೀಯಂತೆ. ಅಬಲೂರಿನ ಮನೆಗಳಿಗೆ ಇನ್ನು ಮೇಲೆ ಲ್ಯಾನ್ ವೈರು ನೀನೇ ಎಳೆಯುತ್ತೀಯಂತೆ. ಮಾಡು, ಒಳ್ಳೆಯ ಕೆಲಸ. ಎಲ್ಲದಕ್ಕೂ ಹಿರೇಕೆರೂರಿನವರ ದಾರಿ ಕಾಯುವುದು ತಪ್ಪುತ್ತದೆ. ಫೈಬರ್ ಬಂದು ರೌಟರಿನಲ್ಲಿ ನಿಂತ ಮೇಲೆ ಅಲ್ಲಿಂದ ಅಟ್ಟದ ಕೋಣೆಗೆ, ಹಿತ್ತಲ ಕ್ಯಾಮೆರಾಕ್ಕೆ ಹೋಗುವ ತಾಮ್ರದ ವೈರಿನಲ್ಲೇ ತಕರಾರು ಜಾಸ್ತಿ. ಅದೂ ವೈರಿನ ನಡುವೆ ಅಲ್ಲ, ನೀನು ಕನೆಕ್ಟರ್ ಒತ್ತಿದ ತುದಿಯಲ್ಲಿ. ‘ನೆಟ್ ಸ್ಲೋ ಐತಿ’ ಎಂದು ಯಾರಾದರೂ ಕರೆದರೆ ಕಂಪನಿಯವರನ್ನು ಬೈಯುವ ಮೊದಲು ಆ ತುದಿ ನೋಡು.

ಬಣ್ಣದ ಸಾಲು ನಿನಗೆ ಬಾಯಿಪಾಠ ಇರಬಹುದು, ಆದರೂ ಹೇಳುತ್ತೇನೆ. ಕನೆಕ್ಟರಿನ ಕೊಕ್ಕೆ ಕೆಳಗೆ, ವೈರು ನಿನ್ನ ಕಡೆಯಿಂದ ಒಳಹೋಗುವಂತೆ ಹಿಡಿದರೆ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದಕ್ಕೆ ಟಿ568ಬಿ ಎನ್ನುತ್ತಾರೆ. ಹಸಿರು-ಕಿತ್ತಳೆ ಅದಲುಬದಲಾದರೆ ಅದು ‘ಎ’. ಯಾವುದಾದರೂ ಸರಿ, ಎರಡೂ ತುದಿಗೆ ಒಂದೇ ಇರಲಿ.

ಈ ಸಾಲು ನೋಡಿದವರಿಗೆಲ್ಲ ಒಂದು ಸಂಶಯ ಬರುತ್ತದೆ: ಹಸಿರು ಜೋಡಿಯ ನಡುವೆ ನೀಲಿ ಯಾಕೆ? ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಎಂದು ನೇರವಾಗಿ ಇಟ್ಟರೆ ನೆನಪಿಡುವುದು ಸುಲಭವಲ್ಲವೇ? ಎರಡೂ ತುದಿಗೆ ಹಾಗೇ ಇಟ್ಟರೆ ಟೆಸ್ಟರಿನಲ್ಲಿ ಒಂದರಿಂದ ಎಂಟರವರೆಗೆ ದೀಪಗಳು ಸಾಲಾಗಿ ಹತ್ತುತ್ತವೆ. ಕೂಲಿ ಇಸಿದುಕೊಂಡು ಮನೆಗೆ ಬರುತ್ತೀಯ. ಮರುದಿನ ಫೋನು: ವಿಡಿಯೋ ತಡೆದು ತಡೆದು ಬರುತ್ತದೆ, ಕ್ಯಾಮೆರಾ ಹೋಗಿ ಹೋಗಿ ಬರುತ್ತದೆ. ಕಾರಣ ಕೇಳು. ಮೂರನೆಯ ಮತ್ತು ಆರನೆಯ ಪಿನ್ ಸೇರಿ ಒಂದು ಸಿಗ್ನಲ್ ಒಯ್ಯುತ್ತವೆ. ಅವೆರಡೂ ಒಂದಕ್ಕೊಂದು ಹೊಸೆದ ತಂತಿಗಳಾಗಿದ್ದರೆ ಮಾತ್ರ ಪಕ್ಕದ ಜೋಡಿಯ ಗದ್ದಲ ಅದರಲ್ಲಿ ಕೂರುವುದಿಲ್ಲ. ನೇರವಾಗಿ ಜೋಡಿಸಿದರೆ ಮೂರಕ್ಕೆ ಬಿಳಿ-ಹಸಿರು ಬಂತು, ಆರಕ್ಕೆ ನೀಲಿ ಬಂತು. ಜೋಡಿಯ ಒಂದೆತ್ತು ಬಿಚ್ಚಿ ಬೇರೆಯವರ ಎತ್ತಿನ ಜತೆ ನೊಗಕ್ಕೆ ಹೂಡಿದ ಹಾಗಾಯಿತು. ಅಗ್ಗದ ಟೆಸ್ಟರು ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯೇ ಎಂದಷ್ಟೇ ಹೇಳುತ್ತದೆ. ಯಾರ ಜತೆ ಹೊಸೆದಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಇದನ್ನು ಹಿಡಿಯಲು ನಿನ್ನ ಕಣ್ಣೇ ಬೇಕು. ಕನೆಕ್ಟರಿನ ಪಾರದರ್ಶಕ ಮೈಯೊಳಗೆ ಬಣ್ಣ ಓದು, ಒತ್ತುವ ಮುಂಚೆ ಒಮ್ಮೆ, ಒತ್ತಿದ ಮೇಲೆ ಒಮ್ಮೆ. ಇದೇ ಕಾರಣಕ್ಕೆ ಹೊಸೆತವನ್ನೂ ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬೇಡ.

ಇನ್ನೊಂದು ಗುರುತು ಇದೆ. ಮನೆಯವರು 200 ಎಂಬಿಪಿಎಸ್‌ಗೆ ದುಡ್ಡು ಕಟ್ಟಿದ್ದಾರೆ, ವೇಗ ಅಳೆದರೆ ಸದಾ 94-95ರಲ್ಲೇ ನಿಲ್ಲುತ್ತದೆ. ಹಳೆಯ 100ರ ಸಂಪರ್ಕಕ್ಕೆ ಕಿತ್ತಳೆ, ಹಸಿರು ಎರಡೇ ಜೋಡಿ ಸಾಕು. 1999ರಲ್ಲಿ ಬಂದ ಗಿಗಾಬಿಟ್‌ಗೆ ನಾಲ್ಕೂ ಬೇಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಮುಟ್ಟದಿದ್ದರೆ ಸಾಧನಗಳು ಸಾಮಾನ್ಯವಾಗಿ 100ಕ್ಕೆ ಇಳಿದು, ಗಲಾಟೆ ಮಾಡದೆ ನಡೆಯುತ್ತವೆ. ಕಂದು ಕೊನೆಯ ಅಂಚಿನಲ್ಲಿರುವುದರಿಂದ ಸರಿಯಾಗಿ ಒಳಹೋಗದೆ ಉಳಿಯುವುದು ಹೆಚ್ಚಾಗಿ ಅದೇ. ಕನೆಕ್ಟರಿನ ಮುಂದಿನ ಗೋಡೆಯಲ್ಲಿ ಎಂಟೂ ತಾಮ್ರದ ಚುಕ್ಕೆ ಹೊಳೆಯುತ್ತವೆಯೇ ನೋಡು. ತಂತಿ ಆರಪಾರ ಹೋಗುವ ಕನೆಕ್ಟರಾದರೆ ಟೂಲಿನ ಬ್ಲೇಡು ಮೊಂಡಾಗಿರಬಾರದು. ಸರಿಯಾಗಿ ಕತ್ತರಿಸದೆ ಉಳಿದ ತುಣುಕು ಪಕ್ಕದ್ದನ್ನು ಮುಟ್ಟುತ್ತದೆ.

ಮೇಲಿನ ದಪ್ಪ ಸಿಪ್ಪೆ ಕನೆಕ್ಟರಿನ ಒಳಗೆ ಹೋಗಿ ಹಿಂದಿನ ಬೆಣೆಯ ಅಡಿ ಸಿಕ್ಕಿಬೀಳಬೇಕು. ಹೊರಗೆ ಉಳಿದರೆ ಕಸ ಗುಡಿಸುವಾಗ ಒಮ್ಮೆ ಎಳೆದರೂ ಸಾಕು, ತಂತಿ ಕಿತ್ತುಬರುತ್ತದೆ. ಕ್ಯಾಟ್-6 ವೈರಿಗೆ ಕ್ಯಾಟ್-5ಇ ಕನೆಕ್ಟರ್ ತುರುಕಬೇಡ, ತಂತಿ ದಪ್ಪ. ಪಿನ್ ಮೇಲೆದ್ದಂತೆ ಕಂಡರೆ ಇನ್ನೊಮ್ಮೆ ಒತ್ತಿ ನೋಡಬಹುದು. ಆಗಲೂ ಸರಿಹೋಗದಿದ್ದರೆ ಕತ್ತರಿಸಿ ಹೊಸದು ಹಾಕು. ಮನೆಯವರ ಮುಂದೆ ಕನೆಕ್ಟರ್ ಕತ್ತರಿಸಿ ಎಸೆಯಲು ಹುಡುಗರಿಗೆ ಯಾಕೋ ನಾಚಿಕೆ.

ಇಲಿ ಕಡಿದ ವೈರನ್ನು ಹೊಸೆದು ಟೇಪು ಸುತ್ತುವ ಚಾಳಿಯಂತೂ ಬೇಡವೇ ಬೇಡ. ಗೋವಿನಜೋಳದ ಚೀಲ ಇರುವ ಅಟ್ಟದಲ್ಲಿ ಇಲಿ ಇದ್ದದ್ದೇ, ಅಲ್ಲಿ ಪೈಪಿನೊಳಗೆ ವೈರು ಹಾಯಿಸು. ಶಿವಭಕ್ತ ಏಕಾಂತದ ರಾಮಯ್ಯ ತಾನೇ ಕತ್ತರಿಸಿಟ್ಟ ತನ್ನ ತಲೆ ಏಳನೆಯ ದಿನ ಕಲೆಯಿಲ್ಲದೆ ಕೂಡಿತು ಎಂದು ನಮ್ಮ ಸೋಮೇಶ್ವರ ಗುಡಿಯ ಶಾಸನ ಸಾರುತ್ತದೆ; ಆ ಭಾಗ್ಯ ಲ್ಯಾನ್ ವೈರಿಗಿಲ್ಲ. ಹೊಸ ವೈರು ಎಳೆ.

ವೈರು ಕೊಳ್ಳುವಾಗ ತಂತಿಯೊಂದನ್ನು ಬ್ಲೇಡಿನಿಂದ ಕೆರೆದು ನೋಡು. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ, ತಡೆಯೂ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಅದೇ ವೈರಿನಿಂದ ಕರೆಂಟು ಪಡೆಯುವ ಕ್ಯಾಮೆರಾ ರಾತ್ರಿಯ ದೀಪ ಹತ್ತಿದ ಕೂಡಲೇ ಆರಿ ಮತ್ತೆ ಶುರುವಾಗುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸು. ಒಂದು ಮನೆಯಿಂದ ಇನ್ನೊಂದು ಮನೆಗೆ ತಾಮ್ರ ಎಳೆಯಬೇಡ. ಮುಂಗಾರಿಗೆ ಮುಂಚಿನ ಸಿಡಿಲಿಗೆ ಎರಡೂ ಮನೆಯ ಸಾಧನ ಸುಡಬಹುದು, ಅಲ್ಲಿಗೆ ಫೈಬರೇ ಸರಿ.

ಎರಡೂ ತುದಿಯಲ್ಲಿ ಒಂದು ಮೊಳ ವೈರು ಸುತ್ತಿ ಬಿಡು. ಚೆಂದ ಕಾಣುವುದಿಲ್ಲ ಎಂದು ಮನೆಯವರು ತಕರಾರು ತೆಗೆದೇ ತೆಗೆಯುತ್ತಾರೆ. ಕನೆಕ್ಟರ್ ಕೆಟ್ಟಾಗ ಕತ್ತರಿಸಲು ವೈರು ಬೇಕು, ಇಲ್ಲದಿದ್ದರೆ ಗೋಡೆ ಒಡೆಯಬೇಕಾಗುತ್ತದೆ ಎಂದು ಹೇಳು, ಸುಮ್ಮನಾಗುತ್ತಾರೆ.