ಕೀ ಒತ್ತಿದೆ, ಅಕ್ಷರ ಎಲ್ಲಿ?

ಪ್ರಶ್ನೆ: ಗೊಡೊ 4ರಲ್ಲಿ ಪದಬಂಧದ ಗೇಮ್ ಮಾಡುತ್ತಿದ್ದೇವೆ. ಆಟಗಾರರ ಹೆಸರು ಕೇಳುವ ಪೆಟ್ಟಿಗೆಗೆ ಟೆಸ್ಟ್ ಬರೆದು, ಕೀ ಒತ್ತಿದಂತೆ ಸ್ಕ್ರಿಪ್ಟ್‌ನಿಂದಲೇ ಈವೆಂಟ್ ಕಳಿಸುತ್ತಿದ್ದೇನೆ. ಬ್ಯಾಕ್‌ಸ್ಪೇಸ್, ಎಂಟರ್, ಬಾಣದ ಕೀ ಎಲ್ಲ ಕೆಲಸ ಮಾಡುತ್ತವೆ. ಅಕ್ಷರ ಮಾತ್ರ ಮೂಡುವುದಿಲ್ಲ. ಬೇಸತ್ತು ಪೆಟ್ಟಿಗೆಯ ಪಠ್ಯವನ್ನೇ ನೇರವಾಗಿ ತುಂಬಿಬಿಟ್ಟೆ. ಅಷ್ಟು ಸಾಲದೇ?
— ಡೆವಲಪರ್, ಮೈಸೂರು

ಉತ್ತರ: ಸಾಲದು. ಗೊಡೊದ ಲೈನ್‌ಎಡಿಟ್‌ಗೆ ಕೋಡ್‌ನಿಂದ ಪಠ್ಯ ತುಂಬಿದರೆ ‘ಪಠ್ಯ ಬದಲಾಯಿತು’ ಎಂಬ ಸಿಗ್ನಲ್ ಹೊರಡುವುದೇ ಇಲ್ಲ. ಆ ಸಿಗ್ನಲ್ ನಂಬಿಕೊಂಡ ನಿಮ್ಮ ಹೆಸರು-ತಪಾಸಣೆ, ‘ಮುಂದೆ’ ಬಟನ್, ಯಾವುದೂ ಪರೀಕ್ಷೆಗೆ ಒಳಪಟ್ಟಿಲ್ಲ.

ಮೂಲ ತೊಂದರೆ ಬೇರೆ. ಯಾವ ಕೀ ಕೆಳಗೆ ಹೋಯಿತು ಎಂಬುದು ಒಂದು ಸುದ್ದಿ. ಅದರಿಂದ ಯಾವ ಅಕ್ಷರ ಹುಟ್ಟಿತು ಎಂಬುದು ಇನ್ನೊಂದು. ಕೀಬೋರ್ಡ್ ವಿನ್ಯಾಸ, ಶಿಫ್ಟ್ ಒತ್ತಿದೆಯೇ ಇಲ್ಲವೇ ಎಂಬುದನ್ನೆಲ್ಲ ನೋಡಿ ಎರಡನೆಯದನ್ನು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಮ್. ಗೊಡೊದ ಕೀ ಈವೆಂಟ್‌ನಲ್ಲಿ ಇವೆರಡಕ್ಕೂ ಪ್ರತ್ಯೇಕ ಜಾಗಗಳಿವೆ: ಕೀಕೋಡ್ ಮತ್ತು ಯೂನಿಕೋಡ್. ಬ್ಯಾಕ್‌ಸ್ಪೇಸ್‌ಗೆ ಕೀಕೋಡ್ ಸಾಕು. ಅಕ್ಷರ ಬರೆಯುವಾಗ ಲೈನ್‌ಎಡಿಟ್ ನೋಡುವುದು ಯೂನಿಕೋಡನ್ನು, ನೀವು ಅದನ್ನು ಸೊನ್ನೆಯಾಗಿಯೇ ಬಿಟ್ಟಿದ್ದೀರಿ. ‘ಕ’ ಬೇಕಾದರೆ ಅಲ್ಲಿ 3221 ಇಡಿ, ಒತ್ತಿದ ಸ್ಥಿತಿಯನ್ನು ನಿಜ ಎಂದು ಮಾಡಿ, ಪೆಟ್ಟಿಗೆಗೆ ಫೋಕಸ್ ಕೊಟ್ಟು ಈವೆಂಟ್ ಕಳಿಸಿ. ಒಂದು ಫ್ರೇಮ್ ಕಾದು ಆಮೇಲೆ ಫಲಿತಾಂಶ ನೋಡಿ.

ಯೂನಿಟಿಯವರೂ ಇಲ್ಲೇ ಎಡವುತ್ತಾರೆ. ಹೊಸ ಇನ್‌ಪುಟ್ ಸಿಸ್ಟಮ್‌ನಲ್ಲಿ ಕೀ ಒತ್ತುವುದನ್ನು ಅನುಕರಿಸಿದರೆ ಪಠ್ಯ ತಾನಾಗಿ ಬರದು; ಪಠ್ಯದ ಈವೆಂಟನ್ನು ಬೇರೆಯೇ ಸಾಲಿಗೆ ಹಾಕಬೇಕು. ಹಳೆಯ ಇನ್‌ಪುಟ್‌ಫೀಲ್ಡ್ ಅದನ್ನೂ ಕೇಳಿಸಿಕೊಳ್ಳುವುದಿಲ್ಲ. ಅದರ ಪ್ರೊಸೆಸ್‌ಈವೆಂಟ್ ವಿಧಾನವನ್ನು ನೀವೇ ಕರೆಯಬೇಕು.

ನಿಮ್ಮದು ಕನ್ನಡದ ಗೇಮ್ ಆದ್ದರಿಂದ ಇನ್ನೊಂದು ಮಾತು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಕ್ಷ’ ಬರೆಯಲು ಕೆ, ಡಿ, ಆಮೇಲೆ ಶಿಫ್ಟ್ ಹಿಡಿದು ಅಲ್ಪವಿರಾಮದ ಕೀ ಒತ್ತಬೇಕು. ಪೆಟ್ಟಿಗೆಗೆ ತಲುಪುವುದು ಕ, ಹಲಂತ, ಷ ಎಂಬ ಮೂರು ಸಂಕೇತಗಳು. ಟೆಸ್ಟ್ ಕೂಡ ಮೂರನ್ನೂ ಬಿಡಿಬಿಡಿಯಾಗಿಯೇ ಕಳಿಸಲಿ. ‘ವಿಶ್ವನಾಥ’ ಕಣ್ಣಿಗೆ ನಾಲ್ಕಕ್ಷರ, ಯೂನಿಕೋಡ್‌ಗೆ ಎಂಟು. ಹೆಸರಿಗೆ ನಾಲ್ಕರ ಮಿತಿ ಇಟ್ಟರೆ ಪಾಪ, ಅವರು ‘ವಿಶ್’ ಆಗಿ ಉಳಿಯುತ್ತಾರೆ. ‘ರವಿ’ ಎಂಬ ಹೆಸರಿನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಎಸ್‌ಡಿಎಲ್ 2 ಬಳಸಿ ನಮ್ಮದೇ ಎಂಜಿನ್ ಕಟ್ಟಿದ್ದೇವೆ. ಟಿ ಕೀ ಒತ್ತಿದರೆ ಚಾಟ್ ತೆರೆಯುತ್ತದೆ. ಟೆಸ್ಟ್ ಎಲ್ಲ ಪಾಸ್. ಆಡಿದವರು ಮಾತ್ರ ‘ಚಾಟ್ ತೆರೆಯುವಾಗಲೇ ಅದರಲ್ಲಿ ಒಂದು ಟಿ ಬಿದ್ದಿರುತ್ತದೆ’ ಎನ್ನುತ್ತಾರೆ. ಟೆಸ್ಟ್‌ಗೆ ಇದು ಸಿಗಲಿಲ್ಲವೇಕೆ?
— ಟೆಸ್ಟರ್, ಬೆಂಗಳೂರು

ಉತ್ತರ: ಮೈಸೂರಿನವರ ತೊಂದರೆಯೇ, ಮಗ್ಗುಲು ಬದಲಿಸಿ ಬಂದಿದೆ. ನಿಜವಾಗಿ ಬೆರಳು ಒತ್ತಿದಾಗ ಎಸ್‌ಡಿಎಲ್ ಮೊದಲು ಕೀಡೌನ್ ಕೊಡುತ್ತದೆ, ಹಿಂದೆಯೇ ಟೆಕ್ಸ್ಟ್‌ಇನ್‌ಪುಟ್ ಕೊಡುತ್ತದೆ. ಕೀಡೌನ್‌ಗೆ ಚಾಟ್ ತೆರೆದು ಫೋಕಸ್ ಪಡೆದಿರುತ್ತದೆ, ಬೆನ್ನಿಗೇ ಬಂದ ಅಕ್ಷರ ಅದರೊಳಗೆ ಬೀಳುತ್ತದೆ. ನಿಮ್ಮ ಟೆಸ್ಟ್ ಕೀಡೌನ್ ಒಂದನ್ನೇ ಕಳಿಸುತ್ತಿದೆ. ಕೀಡೌನ್, ಪಠ್ಯ, ಕೀಅಪ್ ಮೂರನ್ನೂ ಇದೇ ಕ್ರಮದಲ್ಲಿ ಕಳಿಸುವ ಒಂದು ಫಂಕ್ಷನ್ ಬರೆದುಕೊಂಡು, ಎಲ್ಲ ಟೆಸ್ಟ್‌ಗಳಿಗೂ ಅದನ್ನೇ ಬಳಸಿ. ದೋಷ ತಕ್ಷಣ ಕಾಣುತ್ತದೆ. ಮುಂದಿನ ಫ್ರೇಮ್‌ನಿಂದ ಪಠ್ಯ ಸ್ವೀಕರಿಸಿದರೆ ಅದು ಹೋಗುತ್ತದೆ.

ಎಸ್‌ಡಿಎಲ್ 2ರ ಪಠ್ಯ ಈವೆಂಟ್‌ನಲ್ಲಿ 32 ಬೈಟ್ ಜಾಗವಿದೆ, ಕೊನೆಯದು ಶೂನ್ಯಕ್ಕೆ ಮೀಸಲು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಅಂದರೆ ಒಂದು ಈವೆಂಟ್‌ಗೆ ಹತ್ತೇ ಸಂಕೇತ. ಉದ್ದನೆಯ ವಾಕ್ಯವನ್ನು ಒಂದೇ ಸಲಕ್ಕೆ ತುರುಕಬೇಡಿ. ಎಸ್‌ಡಿಎಲ್ 3ರಲ್ಲಿ ಈ ಕಟ್ಟು ಇಲ್ಲ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಪಾಸ್ ಆಗುವ ಟೆಸ್ಟ್ ರಾತ್ರಿ ಲಿನಕ್ಸ್ ಸರ್ವರ್‌ನಲ್ಲಿ ಫೇಲ್. ಎಕ್ಸ್‌ಡೂಟೂಲ್‌ನಿಂದ ಬರೆಸಿದ ‘ರಾಜು’ ಕೆಲವೊಮ್ಮೆ ಅರ್ಧಂಬರ್ಧ ಬರುತ್ತದೆ.
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಎಕ್ಸ್‌ಡೂಟೂಲ್ ತಾನಾಗಿ ಕೀಗಳ ನಡುವೆ ಬಿಡುವ ಅಂತರ 12 ಮಿಲಿಸೆಕೆಂಡ್. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮ್‌ನಲ್ಲಿ ಒಂದು ಫ್ರೇಮ್‌ಗೇ ಸುಮಾರು 16.7 ಬೇಕು, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸರ್ವರ್‌ನಲ್ಲಿ ಇನ್ನೂ ಹೆಚ್ಚು. ಒಂದೇ ಫ್ರೇಮಿನೊಳಗೆ ಕೀ ಒತ್ತಿ ಬಿಟ್ಟೂ ಆಗಿರುತ್ತದೆ. ಫ್ರೇಮ್‌ಗೊಮ್ಮೆ ‘ಈಗ ಯಾವ ಕೀ ಒತ್ತಿದೆ’ ಎಂದು ಇಣುಕುವ ಕೋಡ್‌ಗೆ ಅದು ಕಾಣದು. ಜತೆಗೆ, ಕೀಬೋರ್ಡ್ ವಿನ್ಯಾಸದಲ್ಲಿ ಇಲ್ಲದ ಕನ್ನಡದ ಅಕ್ಷರಕ್ಕೆ ಎಕ್ಸ್‌ಡೂಟೂಲ್ ಯಾವುದೋ ಕೀಯನ್ನು ತಾತ್ಕಾಲಿಕವಾಗಿ ಬದಲಿಸಿಕೊಳ್ಳುತ್ತದೆ; ಗೇಮ್ ತಡವಾಗಿ ಓದಿದರೆ ಅಕ್ಷರ ತಪ್ಪುತ್ತದೆ.

ಅಂತರ ಹೆಚ್ಚಿಸಿದರೆ ಟೆಸ್ಟ್ ಪಾಸಾದೀತು, ನಾನು ಒಪ್ಪಲಾರೆ. ಪಠ್ಯವನ್ನು ಇಣುಕಿ ಓದುವುದೇ ತಪ್ಪು. ಈವೆಂಟ್ ಸಾಲಿನಿಂದ ಓದಿ. ವೇಗವಾಗಿ ಟೈಪ್ ಮಾಡುವ ಆಟಗಾರರಿಗೂ ಈ ದೋಷ ತಟ್ಟುತ್ತದೆ. ದಿನನಿತ್ಯದ ಟೆಸ್ಟ್‌ಗಳು ಎಂಜಿನ್‌ನೊಳಗೇ ಈವೆಂಟ್ ಹಾಕಲಿ. ಹೊರಗಿನಿಂದ ಟೈಪ್ ಮಾಡಿಸುವ ಟೆಸ್ಟ್ ಒಂದೆರಡಿದ್ದರೆ ಸಾಕು.

ಪ್ರಶ್ನೆ: ಆಂಡ್ರಾಯ್ಡ್ ಫೋನಿಗೆ ಎಡಿಬಿಯಿಂದ ಕನ್ನಡ ಬರೆಸಲು ಸಾಧ್ಯವೇ? ಇದೇ ವಿದ್ಯೆಯಿಂದ ಬೇರೆಯವರ ಆನ್‌ಲೈನ್ ಗೇಮನ್ನು ತಾನಾಗಿ ಆಡಿಸಬಹುದೇ?
— ಓದುಗ, ಉಡುಪಿ

ಉತ್ತರ: ಎಡಿಬಿಯ ‘ಇನ್‌ಪುಟ್ ಟೆಕ್ಸ್ಟ್’ ಆಜ್ಞೆಗೆ ಇಂಗ್ಲಿಷ್ ಕೀಬೋರ್ಡ್‌ನ ಅಕ್ಷರ, ಅಂಕಿ, ಚಿಹ್ನೆಗಳಷ್ಟೇ ಗೊತ್ತು, ಕನ್ನಡ ಕೊಟ್ಟರೆ ದೋಷ ತೋರಿಸಿ ನಿಲ್ಲುತ್ತದೆ. ಗೇಮ್‌ನೊಳಗಿಂದಲೇ ಪಠ್ಯ ಕಳಿಸಿ. ಎರಡನೆಯ ಪ್ರಶ್ನೆಗೆ ಉತ್ತರ, ಬೇಡ. ಅದು ಟೆಸ್ಟಿಂಗ್ ಅಲ್ಲ, ಮೋಸ, ಖಾತೆಯನ್ನೂ ಕಳೆದುಕೊಳ್ಳುತ್ತೀರಿ.

ಪ್ರಶ್ನೆ ಕಳಿಸುವವರು ಎಂಜಿನ್‌ನ ಹೆಸರು, ಆವೃತ್ತಿ, ಟೆಸ್ಟ್ ಓಡುವ ಆಪರೇಟಿಂಗ್ ಸಿಸ್ಟಮ್ ಮೂರನ್ನೂ ತಪ್ಪದೆ ಬರೆಯಿರಿ.