ಟರ್ಬೊ ಇರುವ ಇಂಜಿನ್ನಿನ ಉಸಿರುಗೊಳವೆ ಮತ್ತು ಅದರ ಪಾಲನೆ

ಮಲಪ್ರಭೆಯ ದಂಡೆಯಲ್ಲಿರುವ ಮುನವಳ್ಳಿಯ ಸುತ್ತಣ ಎರೆಭೂಮಿಯಲ್ಲಿ ಹತ್ತಿ, ಜೋಳ, ಗೋವಿನಜೋಳ, ಕಡಲೆಗಳೂ, ನೀರಿನ ಆಸರೆಯುಳ್ಳಲ್ಲಿ ಕಬ್ಬೂ ಬೆಳೆಯುತ್ತವೆ. ಉಳುಮೆಗೂ ಸಾಗಾಟಕ್ಕೂ ಟ್ರ್ಯಾಕ್ಟರು, ಪ್ರಯಾಣಕ್ಕೆ ಕಾರು ಅಥವಾ ಜೀಪು ಈಗ ಅನೇಕ ಒಕ್ಕಲು ಮನೆಗಳಲ್ಲಿ ಇರುತ್ತವೆ. ಈ ಗಾಡಿಗಳಲ್ಲಿ ಬಹಳಷ್ಟಕ್ಕೆ ಟರ್ಬೊ ಇರುವದು. ಇಂಥ ಇಂಜಿನ್ನು ನೀಲಿ ಹೊಗೆಯನ್ನು ಉಗುಳಿ ಎಣ್ಣೆಯನ್ನು ತಿನ್ನತೊಡಗಿದರೆ, “ಟರ್ಬೊ ಹೋಯಿತು” ಎಂದು ನಿರ್ಣಯಿಸಿ ಹೊಸದನ್ನು ಹಾಕಿಸುವ ರೂಢಿಯುಂಟು. ಆದರೆ ಕೆಲವೊಮ್ಮೆ ದೋಷವು ಟರ್ಬೊದಲ್ಲಿರದೆ, ಮಿಸ್ತ್ರಿಗಳು ಬ್ರೀದರ್ ಎಂದು ಕರೆಯುವ ಉಸಿರುಗೊಳವೆಯಲ್ಲಿರುವದು. ಕಾರಣವನ್ನು ಅರಿಯದೆ ಹಾಕಿಸಿದ ಹೊಸ ಟರ್ಬೊವೂ ಹಳೆಯದರಂತೆಯೇ ಎಣ್ಣೆಯನ್ನು ಸುರಿಸುವದು. ಸುಗ್ಗಿಯ ದಿನಗಳಲ್ಲಿ ಹಣವೂ ಹೊತ್ತೂ ಹೀಗೆ ವ್ಯರ್ಥವಾಗದಂತೆ ಗಾಡಿಯ ಒಡೆಯರು ಈ ಕೆಳಗಿನ ಸಂಗತಿಗಳನ್ನು ತಿಳಿದಿರತಕ್ಕದ್ದು.

1. ಅನಿಲವು ಸೇರುವ ಬಗೆ

ಪಿಸ್ಟನ್ನಿನ ರಿಂಗುಗಳು ಎಷ್ಟೇ ಚೊಕ್ಕಟವಾಗಿ ಕುಳಿತಿದ್ದರೂ, ಸಿಲಿಂಡರಿನಲ್ಲಿ ಉರಿದ ಅನಿಲದ ಅಲ್ಪ ಭಾಗವು ಅವುಗಳ ಸಂದಿನಿಂದ ನುಸುಳಿ ಕೆಳಗಣ ಕ್ರ್ಯಾಂಕ್‌ಕೇಸಿಗೆ ಇಳಿಯುವದು. ಹೊಸ ಇಂಜಿನ್ನಿನಲ್ಲಿಯೂ ಇದು ತಪ್ಪದು. ಈ ಅನಿಲದಲ್ಲಿ ನೀರಾವಿ, ಮಸಿ, ಉರಿಯದ ಇಂಧನ ಇವು ಕೂಡಿರುತ್ತವೆ. ಒಳಗೆ ತಿರುಗುವ ಭಾಗಗಳು ಚಿಮ್ಮಿಸಿದ ಎಣ್ಣೆಯ ಮಂಜೂ ಅದರೊಡನೆ ಬೆರೆಯುವದು. ಅದಕ್ಕೆ ಹೊರದಾರಿ ಇಲ್ಲವಾದರೆ, ಕುದಿಯುವ ಗಡಿಗೆಯ ಆವಿಯು ಮುಚ್ಚಳವನ್ನು ಎತ್ತುವಂತೆ, ಒತ್ತಡವು ಏರಿ ಆಯಿಲ್ ಸೀಲುಗಳಿಂದಲೂ ಪ್ಯಾಕಿಂಗುಗಳಿಂದಲೂ ಎಣ್ಣೆಯನ್ನು ಹೊರದೂಡುವದು. ಒಳಗುಳಿದ ನೀರೂ ಆಮ್ಲವೂ ಎಣ್ಣೆಯನ್ನು ಕೆಡಿಸಿ ಕೆಸರಾಗಿ ಮಾಡುತ್ತವೆ. ಆದುದರಿಂದಲೇ ಪ್ರತಿಯೊಂದು ಇಂಜಿನ್ನಿಗೂ ಉಸಿರುಗೊಳವೆಯನ್ನು ಇಟ್ಟಿರುವರು.

ಪೂರ್ವದಲ್ಲಿ ಈ ಕೊಳವೆಯ ಬಾಯಿ ನೆಲದ ಕಡೆಗೆ ತೆರೆದಿರುತ್ತಿತ್ತು. ಗಾಳಿಯು ಕೆಡುವದೆಂದು ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ 1961ರ ಕಾರುಗಳಿಂದ ಮೊದಲ್ಗೊಂಡು ಅನಿಲವನ್ನು ಮರಳಿ ಇಂಜಿನ್ನಿಗೇ ಸೇರಿಸಿ ಉರಿಸುವ ಏರ್ಪಾಡು ಬಂದಿತು. ಈಗಿನ ಕಾರುಗಳಲ್ಲಿ ಇದೇ ಪದ್ಧತಿ ಇರುವದು. ಟ್ರ್ಯಾಕ್ಟರುಗಳಲ್ಲಿಯಾದರೋ ತೆರೆದ ಕೊಳವೆಯುಳ್ಳವೂ ಉಂಟು. ತಮ್ಮ ಗಾಡಿಯಲ್ಲಿರುವದು ಯಾವ ಬಗೆಯೆಂಬದನ್ನು ಒಡೆಯರು ಮೊದಲು ನೋಡಿಕೊಳ್ಳಬೇಕು.

2. ಟರ್ಬೊದ ವಿಶೇಷ

ಹೊರಹೋಗುವ ಹೊಗೆಯ ಬಲದಿಂದ ಚಕ್ರವನ್ನು ತಿರುಗಿಸಿ, ಅದರಿಂದ ಇಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವದೇ ಟರ್ಬೊದ ಕೆಲಸ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರನು 1905ರಲ್ಲಿ ಈ ತತ್ತ್ವಕ್ಕೆ ಪೇಟೆಂಟು ಪಡೆದನು. ಗಾಳಿ ಹೆಚ್ಚಿದಷ್ಟೂ ಹೆಚ್ಚು ಇಂಧನವನ್ನು ಉರಿಸಬಹುದು; ಸಿಲಿಂಡರಿನ ಒತ್ತಡವೂ ಏರುವದು; ರಿಂಗುಗಳಿಂದ ನುಸುಳುವ ಅನಿಲವೂ ಅದರಂತೆ ಹೆಚ್ಚುವದು.

ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿಯ ಕೊಳವೆಯೊಳಗಿನ ಸೆಳೆತವೇ ಈ ಅನಿಲವನ್ನು ಎಳೆದುಕೊಳ್ಳುವದು. ಟರ್ಬೊ ಇರುವಲ್ಲಿ ಭಾರ ಬಿದ್ದೊಡನೆ ಸೆಳೆತ ಹೋಗಿ ಅದೇ ಕೊಳವೆಯಲ್ಲಿ ಒತ್ತಡ ಉಂಟಾಗುವದು. ಆ ಒತ್ತಡವು ಹಿಮ್ಮುಖವಾಗಿ ಕ್ರ್ಯಾಂಕ್‌ಕೇಸಿಗೆ ನುಗ್ಗದಂತೆ ಒಂದೇ ದಿಕ್ಕಿಗೆ ತೆರೆಯುವ ವಾಲ್ವನ್ನು ಇಟ್ಟಿರುವರು. ಭಾರದ ಸಮಯದಲ್ಲಿ ಅನಿಲವು ಹೋಗಲು ಏರ್ ಫಿಲ್ಟರಿಗೂ ಟರ್ಬೊಕ್ಕೂ ನಡುವೆ ಎರಡನೆಯ ದಾರಿಯಿರುವದು. ಮುಚ್ಚಿದ ಪದ್ಧತಿಯ ಡೀಸೆಲ್ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ ಈ ಎರಡನೆಯ ದಾರಿಯೊಂದೇ ಇರುವದು.

ಮುಖ್ಯವಾದ ಮಾತು ಇನ್ನೊಂದಿದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗಬಲ್ಲ ಟರ್ಬೊದ ದಂಡಕ್ಕೆ ಪಂಪು ಎಣ್ಣೆಯನ್ನು ಒತ್ತಿ ಕೊಡುವದು. ಆದರೆ ಆ ಎಣ್ಣೆಯು ಆಯಿಲ್ ಚೇಂಬರಿಗೆ ಮರಳುವದು ಕೇವಲ ತನ್ನ ಭಾರದಿಂದ. ಊರ ಗಟಾರವು ತುಂಬಿ ನಿಂತರೆ ಮನೆಯ ಬಚ್ಚಲ ನೀರು ಹಿಮ್ಮೆಟ್ಟುವದು; ಅದು ಬಚ್ಚಲದ ತಪ್ಪಲ್ಲ. ಅದರಂತೆ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ನಿಂತರೆ ಟರ್ಬೊದ ಎಣ್ಣೆ ಕೆಳಗಿಳಿಯದೆ ದಂಡದ ಎರಡೂ ತುದಿಗಳಿಂದ ಸೋರುವದು. ಒಂದು ತುದಿಯಿಂದ ಗಾಳಿಯ ಕೊಳವೆಗೂ, ಮತ್ತೊಂದರಿಂದ ಸೈಲೆನ್ಸರಿಗೂ ಸೇರಿ ನೀಲಿ ಹೊಗೆಯಾಗುವದು.

3. ಧೂಳಿನ ಬಾಧೆ

ಬೇಸಗೆಯ ಉಳುಮೆಯಲ್ಲಿಯೂ ರಾಶಿಯ ಕಾಲದಲ್ಲಿಯೂ ಏಳುವ ಧೂಳು ಎರಡು ವಿಧದಿಂದ ಕೇಡು ಮಾಡುವದು. ಫಿಲ್ಟರು ಹರಿದಿದ್ದರೆ ಅಥವಾ ಅದರ ಹಿಂದಿನ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ಧೂಳು ಒಳಹೊಕ್ಕು ರಿಂಗು, ಲೈನರುಗಳನ್ನು ಸವೆಸುವದು; ಅನಿಲದ ನುಸುಳು ಹೆಚ್ಚುವದು. ಫಿಲ್ಟರು ಕಟ್ಟಿಕೊಂಡಿದ್ದರೆ ಟರ್ಬೊದ ಸೆಳೆತವು ಮಿತಿಮೀರಿ, ಮುಚ್ಚಿದ ಪದ್ಧತಿಯಲ್ಲಿ ಉಸಿರುಗೊಳವೆಯಿಂದ ಎಣ್ಣೆಯನ್ನೇ ಎಳೆಯುವದು. ಆದುದರಿಂದ ಉಸಿರುಗೊಳವೆಯ ಪಾಲನೆಯು ಏರ್ ಫಿಲ್ಟರಿನಿಂದಲೇ ಆರಂಭವಾಗತಕ್ಕದ್ದು.

4. ಪರೀಕ್ಷಿಸುವ ಕ್ರಮ

(ಅ) ಎಣ್ಣೆಯ ಗೇಜ್ ಕಡ್ಡಿ ತಾನಾಗಿ ಮೇಲೇಳುವದು, ಸೀಲುಗಳಲ್ಲಿ ಜಿನುಗು, ಬ್ರೀದರಿನಿಂದ ಎಡೆಬಿಡದೆ ದಟ್ಟ ಹೊಗೆ — ಇವು ಒತ್ತಡ ಹೆಚ್ಚಿದುದರ ಗುರುತುಗಳು. ತೆರೆದ ಕೊಳವೆಯಿಂದ ತೆಳುವಾದ ಆವಿ ಬರುವದು ಸಹಜ, ಅದಕ್ಕೆ ಅಂಜಬೇಕಾಗಿಲ್ಲ.

(ಆ) ಒತ್ತಡವನ್ನು ಅಳೆಯಲು ಪಾರದರ್ಶಕವಾದ ಸಣ್ಣ ಪ್ಲಾಸ್ಟಿಕ್ ನಳಿಗೆಯನ್ನು ಹಲಗೆಯ ಮೇಲೆ ತೊಟ್ಟಿಲ ಹಗ್ಗದಂತೆ ಕೆಳಬಾಗಿಸಿ ಕಟ್ಟಿ, ಎರಡೂ ಬದಿ ಒಂದೊಂದು ಮೊಳ ಎತ್ತರವಿರುವಂತೆ ಮಾಡಿ, ಅರ್ಧದ ವರೆಗೆ ಬಣ್ಣದ ನೀರನ್ನು ತುಂಬಬೇಕು. ಇಂಜಿನ್ನು ಕಾದ ಮೇಲೆ ಅದನ್ನು ನಿಲ್ಲಿಸಿ, ಒಂದು ತುದಿಯನ್ನು ಗೇಜ್ ಕಡ್ಡಿಯ ತೂತಿಗೆ ಗಾಳಿ ಸೋರದಂತೆ ಜೋಡಿಸಬೇಕು. ಇನ್ನೊಂದು ತುದಿ ತೆರೆದಿರಲಿ. ಬಳಿಕ ಇಂಜಿನ್ನನ್ನು ನಡೆಸಿ, ಎರಡೂ ಬದಿಯ ನೀರಿನ ಮಟ್ಟಗಳ ಅಂತರವನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳಬೇಕು. ಗಾಡಿಯ ಕೈಪಿಡಿಯಲ್ಲಿ ಮಿತಿಯನ್ನು ಹೇಳಿದ್ದರೆ ಅದರೊಡನೆಯೂ, ಇಲ್ಲವಾದರೆ ತಮ್ಮದೇ ಹಿಂದಿನ ಅಳತೆಯೊಡನೆಯೂ ಹೋಲಿಸಬೇಕು.

(ಇ) ಒತ್ತಡ ಹೆಚ್ಚಿದ್ದರೆ ಮೊದಲು ಬ್ರೀದರನ್ನು ಶುಚಿಮಾಡಿ ಮತ್ತೊಮ್ಮೆ ಅಳೆಯಬೇಕು. ಇಳಿದರೆ ಕೊಳವೆ ಕಟ್ಟಿದ್ದೇ ಕಾರಣ. ಇಳಿಯದಿದ್ದರೆ ಮಿಸ್ತ್ರಿಯಿಂದ ಕಂಪ್ರೆಶನ್ ಪರೀಕ್ಷೆಯನ್ನು ಮಾಡಿಸಿ ರಿಂಗು, ಲೈನರುಗಳ ಸವೆತವನ್ನು ನೋಡಿಸಬೇಕು. ಟರ್ಬೊದ ಸೀಲಿನಿಂದ ಒತ್ತಡವು ಎಣ್ಣೆಯ ದಾರಿಗೆ ನುಗ್ಗುತ್ತಿರುವದೋ ಎಂಬದನ್ನೂ ವಿಚಾರಿಸಬೇಕು.

ಪರೀಕ್ಷೆಯ ವೇಳೆಯಲ್ಲಿ ಧೋತರದ ಅಂಚು, ಸೆರಗು, ಟವೆಲುಗಳು ಫ್ಯಾನಿನ ಬೆಲ್ಟಿಗೆ ಸಿಗದಂತೆ ಎಚ್ಚರವಿರಲಿ.

5. ಪಾಲನೆ ಮತ್ತು ನಿಷೇಧ

ಬ್ರೀದರಿನ ಜಾಳಿಗೆ ಅಥವಾ ಫಿಲ್ಟರನ್ನು ಕೈಪಿಡಿಯಲ್ಲಿ ಹೇಳಿದ ತಾಸುಗಳಿಗೆ ಶುಚಿಮಾಡಬೇಕು ಇಲ್ಲವೆ ಬದಲಿಸಬೇಕು. ಕೊಳವೆಯು ಎಣ್ಣೆಗೆ ತಾಳುವಂಥದಾಗಿರಲಿ. ಅದರಲ್ಲಿ ಎಣ್ಣೆ ನಿಲ್ಲುವ ತಗ್ಗು ಇರಕೂಡದು. ಎಣ್ಣೆ ಹಿಡಿಯುವ ಡಬ್ಬಿ ಇದ್ದರೆ ತಪ್ಪದೆ ಬರಿದುಮಾಡುತ್ತಿರಬೇಕು. ಎಣ್ಣೆಯು ಹನಿಯುವದೆಂದು ಕೊಳವೆಗೆ ಬೆಣೆ ಹೊಡೆಯುವದಾಗಲಿ, ಅರಿವೆ ತುರುಕುವದಾಗಲಿ, ಸಣ್ಣ ಬಾಯಿಯ ಕೊಳವೆಯನ್ನು ಜೋಡಿಸುವದಾಗಲಿ ಸರ್ವಥಾ ಕೂಡದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ಮಾನದ ಕಾರುಗಳಲ್ಲಿ ಮುಚ್ಚಿದ ಏರ್ಪಾಡನ್ನು ಕಿತ್ತು ಕೊಳವೆಯನ್ನು ಹೊರಗೆ ಬಿಡಬಾರದು.

ಗಾಳಿಯ ಕೊಳವೆಯಲ್ಲಿ ಎಣ್ಣೆ ಮಡುಗಟ್ಟಿದರೆ ಮತ್ತೊಂದು ಅಪಾಯವುಂಟು. ಡೀಸೆಲ್ ಇಂಜಿನ್ನು ಆ ಎಣ್ಣೆಯನ್ನೇ ಉರಿಸಿ, ಚಾವಿ ತೆಗೆದರೂ ನಿಲ್ಲದೆ, ಹುಚ್ಚೆದ್ದು ಓಡಬಹುದು. ಆಗ ಜನರನ್ನು ದೂರ ಸರಿಸಬೇಕು. ಸುರಕ್ಷಿತವಾಗಿ ತಲುಪಲು ಸಾಧ್ಯವಿದ್ದರೆ ಮಾತ್ರ, ಗಾಳಿ ಹೊಗುವ ಬಾಯಿಯನ್ನು ಅದಕ್ಕಿಂತ ದೊಡ್ಡದಾದ ಗಟ್ಟಿ ಹಲಗೆಯಿಂದ ಮುಚ್ಚಬೇಕು. ಅಂಗೈಯನ್ನಾಗಲಿ ಅರಿವೆಯನ್ನಾಗಲಿ ಎಂದಿಗೂ ಒಡ್ಡಬಾರದು.

ಗಾಡಿಯ ಒಡೆಯರು ಒಂದು ವಹಿಯಲ್ಲಿ ನಡೆದ ತಾಸುಗಳನ್ನೂ, ಸೇರಿಸಿದ ಎಣ್ಣೆಯನ್ನೂ, ಅಳೆದ ಒತ್ತಡವನ್ನೂ ಬರೆದಿಡುತ್ತ ಬಂದರೆ, ಇಂಜಿನ್ನಿನ ಸವೆತವು ಬಹು ಮುಂಚಿತವಾಗಿ ತಿಳಿಯುವದು. ಹೊಸ ಟರ್ಬೊಕ್ಕೆ ಒಪ್ಪುವ ಮೊದಲು ಏರ್ ಫಿಲ್ಟರು ಶುಚಿಯಾಗಿದೆಯೆ, ಬ್ರೀದರ್ ತೆರೆದಿದೆಯೆ, ಟರ್ಬೊದಿಂದ ಎಣ್ಣೆ ಇಳಿಯುವ ಕೊಳವೆ ಕಟ್ಟಿಲ್ಲವೆ ಎಂಬ ಮೂರು ಪ್ರಶ್ನೆಗಳನ್ನು ಮಿಸ್ತ್ರಿಗೆ ಕೇಳತಕ್ಕದ್ದು. ಊರ ಗೌಡರೂ ಹಿರಿಯರೂ ಈ ಕ್ರಮವನ್ನು ತಮ್ಮ ಗಾಡಿಗಳಲ್ಲಿ ಮೊದಲು ನಡೆಸಿ, ಚಾಲಕರಿಗೂ ಉಳಿದ ಒಕ್ಕಲಿಗರಿಗೂ ತಿಳಿಯಹೇಳಬೇಕು.