ಬೆಟ್ಟ ಹಿಡಿಸುವ ಲೆನ್ಸ್ ಯಾವುದು?

ನಿಮ್ಮ ಕ್ಯಾನನ್ ಡಿಎಸ್‌ಎಲ್‌ಆರ್‌ನ ಸೆನ್ಸರ್ ಚಿಕ್ಕದು. ಕಿಟ್ ಲೆನ್ಸಿನ 18 ಮಿ.ಮೀ. ಅದರಲ್ಲಿ ಫುಲ್‌ಫ್ರೇಮಿನ 29ರಷ್ಟೇ ಅಗಲ ತೋರಿಸುತ್ತದೆ. ಹಂಪಿಯ ಮಾತಂಗ ಬೆಟ್ಟದ ಮೇಲೆ ನಿಮಗೆ ಚೌಕಟ್ಟು ಇಕ್ಕಟ್ಟೆನಿಸಿದ್ದು ಅದಕ್ಕೇ. ದುಬಾರಿ 16–35 ಕೊಳ್ಳಲೇ ಎಂದಿದ್ದೀರಿ. ಬೇಡ, ದುಡ್ಡು ದಂಡ. ನಿಮ್ಮ ಕ್ಯಾಮೆರಾದಲ್ಲಿ ಅದು ಸುಮಾರು 26ರಿಂದ ಶುರುವಾಗುತ್ತದೆ. ಇಎಫ್-ಎಸ್ 10–18 ತಗೊಳ್ಳಿ: 16ರಷ್ಟು ಅಗಲ, ಹಗುರ, ಸ್ಟೆಬಿಲೈಸರೂ ಇದೆ. ಎಫ್/4.5 ಸಾಲದು ಎಂದು ಮೂಗು ಮುರಿಯುವವರಿದ್ದಾರೆ. ಇರಲಿ, ಭೂದೃಶ್ಯಕ್ಕೆ ಹೇಗೂ ಟ್ರೈಪಾಡ್ ಮೇಲೆ ಎಫ್/8 ಇಡುತ್ತೀರಲ್ಲ! ಕ್ಷೀರಪಥವೇ ಬೇಕೆಂದರೆ ಮಾತ್ರ ಟೋಕಿನಾ 11–16 ಎಫ್/2.8 ನೋಡಿ.

ಒಂದು ಮಾತು: 10ರಲ್ಲಿ ದೂರದ ಬೆಟ್ಟ ಇರುವೆಯಷ್ಟಾಗುತ್ತದೆ. ಮೊಣಕಾಲೂರಿ, ಬಂಡೆಯೊಂದನ್ನು ತೀರಾ ಹತ್ತಿರ ಇಟ್ಟುಕೊಂಡು ತೆಗೆಯಿರಿ. ಇಷ್ಟು ಅಗಲದಲ್ಲಿ ಪೋಲರೈಸರ್ ಹಾಕಿದರೆ ನೀಲಿ ಆಕಾಶ ಒಂದೆಡೆ ಕಪ್ಪಾಗಿ, ಒಂದೆಡೆ ತೆಳುವಾಗಿ ಬರುತ್ತದೆ, ಹುಷಾರು.